ಚಕ್ರ ನೆಲ ಮುಟ್ಟಿದರೂ ಲ್ಯಾಂಡಿಂಗ್ ಮುಗಿದಿಲ್ಲ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ 24ಕ್ಕೆ ಇಳಿಯುವ ವಿಮಾನದ ಮೂತಿ ನೈಋತ್ಯಕ್ಕೆ, ಅಂದರೆ ಸುಮಾರು 240 ಡಿಗ್ರಿಯತ್ತ ಇರುತ್ತದೆ. ಮಧ್ಯಾಹ್ನದ ಕಡಲಗಾಳಿ ವಾಯುವ್ಯಕ್ಕೆ ತಿರುಗಿತೆಂದರೆ ಅದು ಬಲ ರೆಕ್ಕೆಗೆ ಓರೆಯಾಗಿ ಬಡಿಯುತ್ತದೆ. ನಿಯಂತ್ರಣ ಟವರ್ ‘300 ಡಿಗ್ರಿ, 14 ನಾಟ್, ಗಸ್ಟ್ 22’ ಎಂದಿತು ಎನ್ನಿ: ಗಾಳಿ 300 ಡಿಗ್ರಿ ದಿಕ್ಕಿನಿಂದ, ವೇಗ 14 ನಾಟ್, ಆಗಾಗ ಜೋರಾಗಿ ಬೀಸಿದಾಗ (ಗಸ್ಟ್) 22. ರನ್‌ವೇಗೂ ಗಾಳಿಗೂ ನಡುವೆ 60 ಡಿಗ್ರಿ ಕೋನ. ಆಗ ಗಾಳಿಯ ಶೇ 87ರಷ್ಟು ಅಡ್ಡಗಾಳಿಯೇ. 14ಕ್ಕೆ 12 ನಾಟ್ ಆಯಿತು, ಗಸ್ಟ್ ಬಂದ ಗಳಿಗೆಗೆ 19. ಸೆಸ್ನಾ 172 ಎಂಬ ಸಣ್ಣ ವಿಮಾನವನ್ನು ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಅಡ್ಡಗಾಳಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಅದು ಕಾನೂನಿನ ಮಿತಿಯಲ್ಲ, ನಿಜ. ಆದರೂ ಹೊಸ ಪೈಲಟ್ ಅದನ್ನು ಮಿತಿಯೆಂದೇ ತಿಳಿಯಬೇಕು. ಲೆಕ್ಕಕ್ಕೆ ಹಿಡಿಯಬೇಕಾದ್ದು 14 ಅಲ್ಲ, 22.

ಗಸ್ಟ್ ಇದ್ದರೆ ಅಪ್ರೋಚ್ ವೇಗಕ್ಕೆ, ಅಂದರೆ ಇಳಿಯಲು ಒಳಬರುವ ವೇಗಕ್ಕೆ, ಗಾಳಿಯ ಏರಿಳಿತದ (22ಕ್ಕೂ 14ಕ್ಕೂ ಇರುವ ಅಂತರದ) ಅರ್ಧ ಸೇರಿಸುತ್ತಾರೆ: ಇಲ್ಲಿ 4 ನಾಟ್. ಭಯಕ್ಕೆ 15 ಸೇರಿಸಿದರೆ ವಿಮಾನ ಕೂರದೆ ತೇಲುತ್ತದೆ. ಆಗ ಮೂತಿ ತಗ್ಗಿಸಿ ಒತ್ತಿ ಕೂರಿಸಲು ಹೋದರೆ ಮುಂಚಕ್ರ ಮೊದಲು ಬಡಿಯುತ್ತದೆ, ವಿಮಾನ ಪುಟಿಯುತ್ತದೆ, ಎರಡನೆಯ ಮೂರನೆಯ ಪುಟಿತಕ್ಕೆ ಮುಂಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಗಲುತ್ತದೆ.

ಬಲಗಡೆಯಿಂದ ಗಾಳಿ ಇದ್ದಾಗ ಕೊನೆಯಲ್ಲಿ ಬಲ ರೆಕ್ಕೆ ತುಸು ತಗ್ಗಿಸಿ, ಎಡ ರಡ್ಡರ್‌ನಿಂದ (ಬಾಲದ ಚುಕ್ಕಾಣಿಯಿಂದ) ಮೂತಿಯನ್ನು ನಡುಗೆರೆಗೆ ನೇರ ಹಿಡಿಯಬೇಕು. ಬಲ ಚಕ್ರ ಮೊದಲು, ಆಮೇಲೆ ಎಡ, ಕೊನೆಗೆ ಮುಂಚಕ್ರ. ಮೂತಿ ಓರೆಯಾಗಿಯೇ ಕೂತರೆ ಅಡ್ಡ ಎಳೆತ ಪೂರಾ ಚಕ್ರದ ಕಾಲಿನ ಮೇಲೆ ಬೀಳುತ್ತದೆ.

ಇಷ್ಟು ಮಾಡಿದವರೂ ಎಡವುವುದು ಮುಂದಿನ ಹತ್ತು ಸೆಕೆಂಡಿನಲ್ಲಿ. ಚಕ್ರ ಮುಟ್ಟಿತು, ಉಸಿರು ಬಿಟ್ಟರು, ಏಲೆರಾನ್ (ರೆಕ್ಕೆಯನ್ನು ಏರಿಳಿಸುವ ಫಲಕ) ನಡುವಿಗೆ ಬಂತು. ಆದರೆ 40 ನಾಟ್ ಓಟದಲ್ಲೂ ರೆಕ್ಕೆಗೆ ಇನ್ನೂ ಎತ್ತುವ ಶಕ್ತಿ ಇದೆ, ಚಕ್ರಕ್ಕೆ ಪೂರ್ತಿ ಭಾರ ಬಿದ್ದಿಲ್ಲ. ಗಾಳಿ ಬಲ ರೆಕ್ಕೆಯನ್ನು ಎತ್ತುತ್ತದೆ. ಬಾಲದ ಲಂಬ ಫಲಕವನ್ನು ತಳ್ಳಿ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸುತ್ತದೆ. ಎಡ ರೆಕ್ಕೆಯ ತುದಿ ನೆಲಕ್ಕೆ ತಾಗಬಹುದು, ಇಲ್ಲವೇ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಹೋಗಬಹುದು. ಹಾಗಾಗಿ ವೇಗ ಇಳಿದಂತೆ ಏಲೆರಾನನ್ನು ಗಾಳಿಯ ಕಡೆಗೆ ಹೆಚ್ಚಿಸುತ್ತ ಪೂರ್ತಿ ತಿರುಗಿಸಬೇಕು. ಬಾಲಚಕ್ರದ ವಿಮಾನದಲ್ಲಿ ಭಾರಕೇಂದ್ರ ಮುಖ್ಯ ಚಕ್ರಗಳ ಹಿಂದಿರುವುದರಿಂದ, ಒಮ್ಮೆ ಶುರುವಾದ ತಿರುವು ತಾನೇ ಬಿಗಿಯಾಗುತ್ತ ಹೋಗುತ್ತದೆ.

ಬಜ್ಪೆ ಗುಡ್ಡದ ನೆತ್ತಿಯ ನಿಲ್ದಾಣ. ಎದುರುಗಾಳಿ ಬಲವಾಗಿದ್ದಾಗ ರನ್‌ವೇ ಉದ್ದಕ್ಕೂ ಬಂದ ಗಾಳಿ ಗುಡ್ಡದ ಅಂಚಿನಲ್ಲಿ ಕಣಿವೆಗೆ ಇಳಿಯುತ್ತದೆ; ನಾವು ಒಳಬರುವುದು ಅದೇ ಅಂಚಿನ ಮೇಲೆ. ಅಲ್ಲಿ ಹಠಾತ್ತನೆ ಕೆಳಗೆಳೆಯಬಹುದೆಂದು ಕೈ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಮೇಲೆಯೇ ಇರಲಿ.

ಬೆಳಗಿನ ನೆಲಗಾಳಿ ಮೂಡಣದ್ದು, ಹಗಲೇರಿದಂತೆ ಕಡಲಗಾಳಿ ಪಡುವಣದ್ದು. ಈ ಬದಲಾವಣೆಯ ಹೊತ್ತಿಗೆ ಹಿಂಗಾಳಿ ಸಿಗುವ ಸಾಧ್ಯತೆ ಹೆಚ್ಚು. 172ರ ಕೈಪಿಡಿ ಪ್ರಕಾರ ಪ್ರತಿ 2 ನಾಟ್ ಹಿಂಗಾಳಿಗೆ ಇಳಿಯುವ ದೂರ ಶೇ 10 ಹೆಚ್ಚುತ್ತದೆ. ಅದೇ ಶೇ 10 ಕಡಿಮೆಯಾಗಲು 9 ನಾಟ್ ಎದುರುಗಾಳಿ ಬೇಕು. ಬಜ್ಪೆಯ 2,450 ಮೀಟರಿನಲ್ಲಿ ಇದು ಗೊತ್ತಾಗದು, ಚಿಕ್ಕ ರನ್‌ವೇಯಲ್ಲಿ ಗೊತ್ತಾಗುತ್ತದೆ.

ಮನಸ್ಸಿಗೆ ಸರಿ ಕಾಣದಿದ್ದರೆ ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. 2010ರ ಮೇ 22ರ ಇಲ್ಲಿನ ವಿಮಾನ ದುರಂತಕ್ಕೆ ಗಾಳಿ ಕಾರಣವಲ್ಲ, ಅದು ದೊಡ್ಡ ಜೆಟ್ ಕೂಡ. ಆದರೆ ಸಹಪೈಲಟ್ ಗೋ-ಅರೌಂಡ್ ಎಂದರೂ ಇಳಿಯುವಿಕೆ ಮುಂದುವರಿಯಿತು, 158 ಜನ ಹೋದರು. 172ರಲ್ಲಿ ಕ್ರಮ ಇದು: ಪೂರ್ತಿ ಥ್ರಾಟಲ್, ಮೂತಿ ಏಳದಂತೆ ಒತ್ತಿ ಹಿಡಿದು ಬಲ ರಡ್ಡರ್, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಟ್ಟ ಫಲಕ) 30 ಡಿಗ್ರಿಯಿಂದ ಕೂಡಲೇ 20ಕ್ಕೆ. ವೇಗ 60 ನಾಟ್ ಹತ್ತಿದ ಮೇಲೆ 10ಕ್ಕೆ. ಉಳಿದದ್ದನ್ನು ಅಡೆತಡೆ ದಾಟಿದ ಮೇಲೆ ನಿಧಾನಕ್ಕೆ ಎತ್ತಬೇಕು. ಒಂದೇ ಸಲಕ್ಕೆ ಪೂರ್ತಿ ಎತ್ತಿದರೆ, ಕಡಿಮೆ ವೇಗದಲ್ಲಿರುವ ವಿಮಾನ ಮತ್ತೆ ನೆಲಕ್ಕೆ ಕುಸಿಯುತ್ತದೆ.