ಹೊಲಿಗೆ ಬಿಚ್ಚಿದ ಮೇಲೆ ಉಬ್ಬುವ ಗುಳ್ಳೆ

ಕತ್ತಿನ ಬೆನ್ನೆಲುಬಿನ ಆಪರೇಷನ್ ಆಗಿ ಹೊಲಿಗೆ ಬಿಚ್ಚಿದರೆ ಗಂಡಾಂತರ ಕಳೆಯಿತೆಂದೇ ಮನೆಯವರ ಲೆಕ್ಕ. ಎರಡು ವಾರದ ಮೇಲೆ ತಲೆ ತಿರುಗಿದರೆ 'ಪಿತ್ತ ನೆತ್ತಿಗೇರಿದೆ' ಎಂದು ನಿಂಬೆ ಪಾನಕ. ಅದಕ್ಕೂ ಜಗ್ಗದಿದ್ದರೆ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ. ಅಪರೂಪಕ್ಕಾದರೂ, ತಪ್ಪು ಪಿತ್ತದ್ದಲ್ಲ, ವರ್ಟೆಬ್ರಲ್ ಅಪಧಮನಿ ಎಂಬ ಕತ್ತಿನ ರಕ್ತನಾಳದ್ದಾಗಿರುತ್ತದೆ.

ಈ ಜೋಡಿ ನಾಳಗಳು ಸಾಮಾನ್ಯವಾಗಿ ಕತ್ತಿನ ಆರನೇ ಮಣಿಯಲ್ಲಿ ಹೊಕ್ಕು, ಮಣಿಮಣಿಯ ಪಕ್ಕದ ತೂತುಗಳಲ್ಲಿ ಪೋಣಿಸಿದ ದಾರದಂತೆ ಮೇಲೇರಿ ತಲೆಬುರುಡೆ ಸೇರುತ್ತವೆ. ಮಿದುಳಕಾಂಡಕ್ಕೂ ಕಿರುಮಿದುಳಿಗೂ ರಕ್ತ ಒಯ್ಯುವುದು ಇವೇ. ಡಿಸ್ಕ್ ತೆಗೆಯುವ ಡ್ರಿಲ್ ನಡುಗೆರೆ ಬಿಟ್ಟು ತೀರಾ ಪಕ್ಕಕ್ಕೆ ಜರುಗಿದರೆ, ಎರಡನೇ ಮಣಿಯ ಸ್ಕ್ರೂ ಕೋನ ತಪ್ಪಿದರೆ, ಪೆಟ್ಟು ಬೀಳುವುದು ಇಲ್ಲಿಗೆ. ಮೇಲಿನೆರಡು ಮಣಿಗಳನ್ನು ಒಂದೇ ಉದ್ದ ಸ್ಕ್ರೂನಿಂದ ತೂರಿಸುವ ಮಾಗರ್ಲ್ ವಿಧಾನದ ಬದಲು, ಎರಡಕ್ಕೂ ಬೇರೆ ಬೇರೆ ಸ್ಕ್ರೂ ಹಾಕಿ ಪ್ಲೇಟಿನಿಂದ ಬೆಸೆಯುವ ಕ್ರಮವನ್ನು ಮುಂಬೈನ ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದರು; 2001ರಲ್ಲಿ ಜರ್ಮನಿಯ ಹಾರ್ಮ್ಸ್ ಪ್ಲೇಟಿನ ಜಾಗಕ್ಕೆ ಸರಳು ತಂದರು. ಕ್ರಮ ಯಾವುದಾದರೂ, ನಾಳದ ತಿರುವು ಒಬ್ಬೊಬ್ಬರಲ್ಲಿ ಒಂದೊಂದು ಥರ. ಮೊದಲೇ ಸಿಟಿ ಸ್ಕ್ಯಾನ್ ನೋಡದೆ ಅಲ್ಲಿ ಕೈಯಿಡಬಾರದು.

ಸರಿ, ಆಪರೇಷನ್ ದಿನವೇ ಸ್ಪಂಜು ತುರುಕಿ ಒತ್ತಿ ನಿಲ್ಲಿಸಿದ ಗಾಯ ದಿನಗಳು, ವಾರಗಳು, ಒಮ್ಮೊಮ್ಮೆ ವರ್ಷಗಳೇ ಕಳೆದ ಮೇಲೆ ಯಾಕೆ ಕಾಡುತ್ತದೆ? ಕೆರೆ ಏರಿಯ ಇಲಿಬಿಲಕ್ಕೆ ಹುಲ್ಲು ತುರುಕಿದರೆ ಅಂದಿಗೆ ನೀರು ನಿಂತೀತು. ಹುಲ್ಲು ಕೊಳೆತ ದಿನ? ಇಲ್ಲಿ ಹುಲ್ಲೆಂದರೆ ರಕ್ತದ ಹೆಪ್ಪು. ಪ್ಲಾಸ್ಮಿನ್ ಎಂಬ ಕಿಣ್ವದಿಂದ ದೇಹವೇ ಅದನ್ನು ಕರಗಿಸುತ್ತದೆ. ನಾಳದ ಗೋಡೆಯ ಮೂರು ಪದರಗಳೂ ಹರಿದಿದ್ದ ಕಡೆ ಉಳಿಯುವುದು ನಾರಿನ ತೆಳು ಚೀಲ; ಇದೇ ಹುಸಿ ಅನ್ಯೂರಿಸಂ. ಸೀಳಿದ ಸೈಕಲ್ ಟೈರಿನಿಂದ ಟ್ಯೂಬು ಗುಳ್ಳೆಯಾಗಿ ಇಣುಕುತ್ತದಲ್ಲ, ಹಾಗೆ. ಒತ್ತಡ ಅಷ್ಟೇ ಇದ್ದು ಗುಳ್ಳೆಯ ತ್ರಿಜ್ಯ ಇಮ್ಮಡಿಯಾದರೆ ಗೋಡೆಯ ಮೇಲಿನ ಎಳೆತವೂ ಇಮ್ಮಡಿ. ಲಾಪ್ಲಾಸ್ ನಿಯಮ ಹೇಳುವುದು ಇದನ್ನೇ: ಉಬ್ಬಿದಷ್ಟೂ ಒಡೆಯುವುದು ಸುಲಭ.

ಒಡೆದರೆ ಕತ್ತು ದಿಢೀರನೆ ಊದಿ ಉಸಿರು ಕಟ್ಟೀತು. ಒಡೆಯದಿದ್ದರೂ, ಚೀಲದೊಳಗೆ ಸುಳಿಯಾಗಿ ನಿಂತ ರಕ್ತ ಹೆಪ್ಪಾಗಿ, ಅದರ ಚೂರು ಮಿದುಳಿಗೆ ಹಾರೀತು: ನಡಿಗೆಯಲ್ಲಿ ತೂರಾಟ, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿ ಹಿಡಿದು ನೇರ ತುರ್ತು ವಿಭಾಗಕ್ಕೆ ಓಡಬೇಕು. ಎಕ್ಸ್‌ರೇಯಲ್ಲಿ ಸ್ಕ್ರೂ ಕಂಡೀತು, ಗುಳ್ಳೆ ಕಾಣದು. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಮ್ ಬೇಕು. ಲೋಹದ ಮಿನುಗು ಚಿತ್ರವನ್ನು ಕೆಡಿಸಿದರೆ, ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು ನಾಳದೊಳಗೇ ತೂರಿಸಿ ನೋಡುವ ಆಂಜಿಯೋಗ್ರಾಮ್.

ಚಿಕಿತ್ಸೆಯೂ ಬಹುತೇಕ ಅದೇ ದಾರಿಯಲ್ಲಿ: ತೊಡೆಸಂದಿನಿಂದ ಕ್ಯಾತಿಟರ್ ಏರಿಸಿ ಒಳಗೆ ಸ್ಟೆಂಟ್ ಕೂರಿಸುವುದು, ಇಲ್ಲವೇ ಪ್ಲಾಟಿನಂ ಸುರುಳಿ ತುಂಬಿ ನಾಳವನ್ನೇ ಮುಚ್ಚುವುದು. ಮುಚ್ಚುವ ಮುಂಚೆ ಇನ್ನೊಂದು ಬದಿಯ ನಾಳವನ್ನು ನೋಡಲೇಬೇಕು. ಅನೇಕರಲ್ಲಿ ಎಡದ್ದು ದಪ್ಪ; ಬಲದ್ದು ನೂಲಿನಷ್ಟೇ ಇದ್ದರೆ ಎಡವನ್ನು ಮುಚ್ಚುವ ಮಾತೇ ಎತ್ತುವಂತಿಲ್ಲ.