ಇಬ್ಬರಲ್ಲಿ 'ಕೋಂ' ಯಾರು?

ಕ್ರಯಪತ್ರವಿರಲಿ, ವಿಲ್ ಇರಲಿ, ನಮ್ಮ ಕಡೆಯ ಪತ್ರಗಳಲ್ಲಿ ಗಂಡಸಾದರೆ 'ಬಿನ್' ಎಂದು ತಂದೆಯ ಹೆಸರು, ಮದುವೆಯಾದ ಹೆಂಗಸಾದರೆ 'ಕೋಂ' ಎಂದು ಗಂಡನ ಹೆಸರು. ಕಳೆದ ವರ್ಷ ಇಬ್ಬರು ಮಹಿಳೆಯರು ವಿಲ್ ಬರೆಸಲು ನನ್ನ ಕಚೇರಿಗೆ ಬಂದರು. ಹನ್ನೊಂದು ವರ್ಷದಿಂದ ಇಬ್ಬರೂ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದಾರೆ. ಟೈಪ್ ಮಾಡುತ್ತಿದ್ದ ಗುಮಾಸ್ತರು ಕೈ ನಿಲ್ಲಿಸಿ, "ಮೇಡಂ, ಇವರಿಗೆ ಏನಂತ ಹಾಕಲಿ?" ಎಂದರು.

ಅವರದು ಕುಹಕವಲ್ಲ. 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೇಳಿದ ಸುಪ್ರಿಯೋ ಪ್ರಕರಣದ ವಿಚಾರಣೆಯಲ್ಲಿ ಕೇಂದ್ರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಎತ್ತಿದ್ದೂ ಇದನ್ನೇ: ಇಬ್ಬರೂ ಒಂದೇ ಲಿಂಗದವರಾದರೆ ಕಾನೂನು 'ಹೆಂಡತಿ' ಎನ್ನುವುದು ಯಾರನ್ನು? ಈ ಪ್ರಶ್ನೆಯಲ್ಲಿ ದೇವರಿಲ್ಲ, ಶಾಸ್ತ್ರವಿಲ್ಲ. ವಕೀಲರ ಬಾರ್ ರೂಮಿನಲ್ಲೂ ಈಗ ಇಂಥ ಮದುವೆ ಬೇಡ ಎನ್ನುವವರ ಮಾತು "ಧರ್ಮ ಹಾಗಿರಲಿ ಮೇಡಂ" ಎಂದೇ ಶುರುವಾಗುತ್ತದೆ.

ಆಮೇಲೆ ಬರುವುದು ಸಂತಾನ. ಮದುವೆ ಇರುವುದೇ ಮಕ್ಕಳಿಗಾಗಿ ಎನ್ನುವವರಿಗೆ, ಧರ್ಮ ಯಾವುದಾದರೂ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಒಂದು ಆಸರೆ ಇರುವುದು ನಿಜ. 4ನೇ ಕಲಮಿನಲ್ಲಿ, ಮಾನಸಿಕ ಅಸ್ವಾಸ್ಥ್ಯದ ಷರತ್ತು ಹೇಳುವಾಗ, ಸಂತಾನೋತ್ಪತ್ತಿಯ ಪ್ರಸ್ತಾಪ ಬರುತ್ತದೆ. ಆದರೆ ಅದೇ ಕಾಯ್ದೆ ವಯಸ್ಸಿಗೆ ಕೆಳಮಿತಿ ಹಾಕಿದೆ, ಮೇಲ್ಮಿತಿ ಹಾಕಿಲ್ಲ. ಎಪ್ಪತ್ತರ ವಿಧುರ, ಅರವತ್ತೈದರ ವಿಧವೆ ನೋಟಿಸು ಕೊಟ್ಟರೆ ವಿವಾಹ ಅಧಿಕಾರಿ ಡಾಕ್ಟರ ಸರ್ಟಿಫಿಕೇಟು ಕೇಳುವಂತಿಲ್ಲ. ಷಂಡತನದಿಂದ ಮದುವೆ ಅಸಿಂಧುವಾಗಬಹುದು, ಬಂಜೆತನದಿಂದ ಆಗದು. ವಕೀಲಳಾಗಿ ಈ ವಾದವನ್ನು ಕೋರ್ಟಿನಲ್ಲಿ ಮಂಡಿಸಲು ನನಗೆ ಧೈರ್ಯ ಬಾರದು.

ಇಂಥ ಜೋಡಿಯ ಕೈಗೆ ಮಗು ಕೊಡುವುದು ಒಳ್ಳೆಯದಲ್ಲ ಎಂಬ, ಮಕ್ಕಳ ಹಿತದ ವಾದ ಇನ್ನೂ ವಿಚಿತ್ರ. ನಮ್ಮ ದತ್ತು ನಿಯಮಗಳಲ್ಲಿ ಒಂಟಿ ವ್ಯಕ್ತಿ ದತ್ತು ಪಡೆಯಬಹುದು. ಒಂಟಿ ಗಂಡಸು ಹೆಣ್ಣುಮಗುವನ್ನು ಪಡೆಯುವಂತಿಲ್ಲ, ಅಷ್ಟೆ. ಜೋಡಿಯಾಗಿ ಪಡೆಯಬೇಕಾದರೆ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ನನ್ನ ಕಕ್ಷಿದಾರರಲ್ಲಿ ಒಬ್ಬಾಕೆ ಒಂಟಿಯಾಗಿ ಮಗು ತಂದರೆ ಸಾಕುವವರು ಇಬ್ಬರು, ಕಾಗದದಲ್ಲಿ ತಾಯಿ ಒಬ್ಬಳು. ಆ ತಾಯಿ ನಾಳೆ ಅಪಘಾತದಲ್ಲಿ ತೀರಿಕೊಂಡರೆ ಮಗುವಿಗೆ ಇನ್ನೊಬ್ಬಾಕೆ ಯಾರೂ ಅಲ್ಲ. ಮಗುವಿನ ಹಿತದ ಹೆಸರಿನಲ್ಲಿ ತಡೆದದ್ದು ಮಗುವಿಗೆ ಸಿಗಬಹುದಾಗಿದ್ದ ಎರಡನೇ ಪೋಷಕರನ್ನು.

ಇವತ್ತು ಇದು, ನಾಳೆ ಒಡಹುಟ್ಟಿದವರ ಮದುವೆ ಎಂಬ ಮಾತೂ ಕೋರ್ಟಿನಲ್ಲಿ ಬಂದಿತ್ತು. ನಿಷಿದ್ಧ ಸಂಬಂಧಗಳ ಪಟ್ಟಿಯೇ ಬೇರೆ, ಅದಕ್ಕಿರುವ ಕಾರಣಗಳೇ ಬೇರೆ. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ರೂಢಿ ಕೇಳಿ ಉತ್ತರದವರು ಹೌಹಾರುತ್ತಾರೆ. ಕಾನೂನು ರೂಢಿಗೆ ವಿನಾಯಿತಿ ಕೊಟ್ಟು ಸುಮ್ಮನಾಗಿದೆ.

ಇನ್ನು ಗುಮಾಸ್ತರ ಪ್ರಶ್ನೆ. ಇದಕ್ಕೆ ತೂಕವಿದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ವರನಿಗೆ 21, ವಧುವಿಗೆ 18. ಅದರಡಿ ಜೀವನಾಂಶ ಹೆಂಡತಿಗೆ ಮಾತ್ರ. ವಿಚ್ಛೇದನಕ್ಕೆ ಹೆಂಡತಿಗಷ್ಟೇ ಇರುವ ಕೆಲವು ಆಧಾರಗಳಿವೆ. ಸುಮಾರು 160 ಕಾನೂನು ಅಂಶಗಳನ್ನು ತಿದ್ದಬೇಕಾಗುತ್ತದೆ ಎಂದು ಕೇಂದ್ರ ಹೇಳಿತ್ತು. 'ಗಂಡ', 'ಹೆಂಡತಿ' ಇದ್ದಲ್ಲೆಲ್ಲ 'ಸಂಗಾತಿ' ಎಂದು ಓದಿಕೊಂಡರೆ, ಹೆಂಗಸರಿಗೆಂದೇ ಇಟ್ಟ ರಕ್ಷಣೆ ಸಡಿಲವಾಗಬಹುದು ಎಂಬ, ಪೀಠದ ಐವರಲ್ಲಿ ಒಬ್ಬರಾದ ನ್ಯಾ. ರವೀಂದ್ರ ಭಟ್ ಅವರ ಆತಂಕ, ಜೀವನಾಂಶದ ಕೇಸುಗಳಲ್ಲೇ ತಲೆ ನರೆಸಿಕೊಂಡ ನನಗೆ ಅರ್ಥವಾಗುತ್ತದೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ನಾಗರಿಕ ಬಂಧ (ಮದುವೆ ಎನ್ನದೆ ಜೋಡಿಗೆ ಕೊಡುವ ಕಾನೂನು ಮಾನ್ಯತೆ) ಮತ್ತು ದತ್ತುವಿನ ವಿಷಯದಲ್ಲಿ ಮಾತ್ರ 3:2 ಆಯಿತು, ಅಲ್ಲೂ ಬಹುಮತ ಒಪ್ಪಲಿಲ್ಲ.

ಆದರೆ ಈ ವಾದ ಹೇಳುವುದು ಕೋರ್ಟು ಇದನ್ನು ಕೂತಲ್ಲೇ ತಿದ್ದಲಾರದು ಎಂದು. ತಿದ್ದಲೇಬಾರದು ಎಂದು ಹೇಳುವುದಿಲ್ಲ. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 2005ರಲ್ಲಿ ಸಂಸತ್ತಿಗೆ ಒಂದು ವರ್ಷದ ಗಡುವು ಕೊಟ್ಟಿತು, 2006ರಲ್ಲಿ ಕಾನೂನು ಬಂತು. ತೈವಾನ್‌ನಲ್ಲಿ ಎರಡು ವರ್ಷದ ಗಡುವು. 2018ರ ಜನಮತಗಣನೆಯಲ್ಲಿ ಮತದಾರರು ನಾಗರಿಕ ಸಂಹಿತೆ ಮುಟ್ಟಬೇಡಿ ಎಂದಾಗ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿ 2019ರ ಮೇ 24ರಿಂದ ಜಾರಿಗೆ ತಂದಿತು. 160 ಕಲಮು ತಿದ್ದುವುದು ದೊಡ್ಡ ಕೆಲಸ ಹೌದು, ಶಾಸನಸಭೆಗಳಿರುವುದೇ ಅದಕ್ಕೆ. ನಮ್ಮಲ್ಲಿ ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಅದಕ್ಕೆ ಮೊದಲು, 2024ರ ಆಗಸ್ಟಿನಲ್ಲಿ, ಜಂಟಿ ಬ್ಯಾಂಕ್ ಖಾತೆಗೆ, ನಾಮಿನಿ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತ್ತು.

ನನ್ನ ಕಕ್ಷಿದಾರರು ಖಾತೆ ತೆರೆದಿದ್ದರು. ಹಿರಿಯಾಕೆಯ ಹೆಸರಿನಲ್ಲಿರುವ ಮನೆಯ ಅರ್ಧವನ್ನು ಈಗಲೇ ಇನ್ನೊಬ್ಬಾಕೆಗೆ ದಾನಪತ್ರ ಮಾಡಿಕೊಡಬೇಕೆಂಬುದು ಅವರ ಮೊದಲ ಆಸೆ. ಗಂಡ ಹೆಂಡತಿಯಾಗಿದ್ದರೆ ಅದಕ್ಕೆ ಆದಾಯ ತೆರಿಗೆಯಿಲ್ಲ. ಇವರು ಕಾನೂನಿನ ಕಣ್ಣಿಗೆ ಬಂಧುಗಳಲ್ಲವಾದ್ದರಿಂದ 50,000 ರೂಪಾಯಿ ಮೀರಿದ ದಾನ ಪಡೆದವರ ಆದಾಯವಾಗುತ್ತದೆ. ವಿಲ್ ಮೂಲಕ ಬಂದರೆ ಈ ತೆರಿಗೆ ಇಲ್ಲ. ವಿಲ್ ಬರೆಯದೆ ಹೋದರೆ ಮನೆ ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಹಾಗಾಗಿ ವಿಲ್.

"ಹಾಗಾದ್ರೆ ನಾನು ಹೋದ ಮೇಲೇನೇ ಇವಳಿಗೆ ಸಿಗೋದಾ ಮೇಡಂ?" ಎಂದು ಕೇಳಿದರು ಹಿರಿಯಾಕೆ. ಹೌದು ಎಂದೆ.

'ಕೋಂ' ಬರಬೇಕಾದ ಜಾಗದಲ್ಲಿ ಕೊನೆಗೆ ನಾನು ಹೇಳಿ ಬರೆಸಿದ್ದು: "ಸದರಿ ಸ್ವತ್ತಿನಲ್ಲಿ ನನ್ನೊಂದಿಗೆ ಹನ್ನೊಂದು ವರ್ಷಗಳಿಂದ ವಾಸವಾಗಿರುವ." ಗುಮಾಸ್ತರು ಮುಂದಿನ ಪದಕ್ಕೆ ಕಾದರು. ಮುಂದೆ ಹೆಸರಷ್ಟೇ ಇತ್ತು.