ಸಂಗಾತಿಯನ್ನು ದುರಂತದಲ್ಲಿ ಕಳೆದುಕೊಂಡ ಮೇಲೆ ಮತ್ತೆ ಪ್ರೀತಿಸಿದರೆ ಅದು ಮೋಸವೇ?

ಪ್ರಶ್ನೆ: ನನ್ನ ಸಂಗಾತಿ ಅಪಘಾತದಲ್ಲಿ ತೀರಿಕೊಂಡರು. ಈಗ ಇನ್ನೊಬ್ಬರ ಜೊತೆ ಮಾತಾಡಿದರೆ ಮನಸ್ಸು ಹಗುರಾಗುತ್ತದೆ. ಅವರ ಮೆಸೇಜ್‌ಗೆ ಕಾಯುತ್ತೇನೆ. ಆಮೇಲೆ ರಾತ್ರಿಯೆಲ್ಲ ತಪ್ಪು ಮಾಡಿದ ಹಾಗೆ ಒದ್ದಾಡುತ್ತೇನೆ. ಹೋದವರಿಗೆ ನಾನು ಮೋಸ ಮಾಡುತ್ತಿದ್ದೇನಾ? ಇನ್ನೂ ಎಷ್ಟು ದಿನ ಕಾಯಬೇಕು?

ಉತ್ತರ: ಇಲ್ಲ, ಇದು ಮೋಸ ಅಲ್ಲ. ಬೇರೆಲ್ಲ ಮಾತಿಗಿಂತ ಮೊದಲು ಇದನ್ನು ಹೇಳಬೇಕು ಅನಿಸಿತು.

ಮೋಸ ಅನಿಸುವುದರ ಹಿಂದೆ ಒಂದು ನಂಬಿಕೆ ಇದೆ. ಮನಸ್ಸಿನಲ್ಲಿ ಒಬ್ಬರಿಗೆ ಮಾತ್ರ ಜಾಗ, ಹೊಸಬರು ಬರಬೇಕಾದರೆ ಹೋದವರನ್ನು ಹೊರಗೆ ಕಳಿಸಬೇಕು ಅನ್ನುವುದು. ಮನಶ್ಶಾಸ್ತ್ರವೂ ಬಹಳ ಕಾಲ ಹೀಗೇ ಯೋಚಿಸುತ್ತಿತ್ತು. ಹೋದವರ ಮೇಲಿನ ನಂಟನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಎಂದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದಿದ್ದರು. ಆದರೆ 1920ರಲ್ಲಿ ಅವರ ಮಗಳು ಸೋಫಿ ತೀರಿಕೊಂಡಳು. ಒಂಬತ್ತು ವರ್ಷದ ನಂತರ, ಮಗನನ್ನು ಕಳೆದುಕೊಂಡ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಅವರ ಮಾತೇ ಬೇರೆ. ಹೋದವರ ಜಾಗಕ್ಕೆ ಬದಲಿ ಎಂದೂ ಸಿಗುವುದಿಲ್ಲ, ಆ ಜಾಗ ಪೂರ್ತಿ ತುಂಬಿದರೂ ತುಂಬಿದ್ದು ಬೇರೆಯದೇ ಆಗಿರುತ್ತದೆ, ಅದು ಹಾಗೇ ಇರಬೇಕು ಎಂಬ ಅರ್ಥದಲ್ಲಿ ಬರೆದರು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ವರ್ಡನ್ ಕೂಡ ಹೀಗೆಯೇ ಮಾತು ತಿದ್ದಿಕೊಂಡವರು. ದುಃಖದಲ್ಲಿರುವವರಿಗೆ ಸಲಹೆ ಕೊಡುವವರು ಇವತ್ತಿಗೂ ಅವರನ್ನು ಓದುತ್ತಾರೆ. ಹೋದವರಿಂದ ಮನಸ್ಸನ್ನು ಹಿಂದಕ್ಕೆ ಪಡೆದು ಬೇರೆ ಸಂಬಂಧದಲ್ಲಿ ತೊಡಗಿಸಬೇಕು ಎಂದು 1982ರಲ್ಲಿ ಹೇಳಿದ್ದರು. ಆಮೇಲೆ ಅದನ್ನು ಬದಲಿಸಿದರು. ಹೋದವರ ಜೊತೆಗಿನ ನಂಟು ಉಳಿಸಿಕೊಂಡೇ ಹೊಸ ಬದುಕು ಶುರು ಮಾಡಬಹುದು ಎಂದರು. ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇದೇ. ನೀವು ಯಾರನ್ನೂ ಹೊರಗೆ ಕಳಿಸಬೇಕಾಗಿಲ್ಲ.

ಎಷ್ಟು ದಿನ ಕಾಯಬೇಕು ಅನ್ನುವುದಕ್ಕೆ ಲೆಕ್ಕ ಇಲ್ಲ. ಆರು ತಿಂಗಳು, ಒಂದು ವರ್ಷ ಅಂತ ಎಲ್ಲೋ ಓದಿರಬಹುದು. ದುಃಖ ತೀರಾ ಲಂಬಿಸಿ ದಿನದ ಬದುಕನ್ನೇ ನಿಲ್ಲಿಸಿದೆಯೇ ಎಂದು ವೈದ್ಯರು ಗುರುತಿಸಲು ಇಟ್ಟುಕೊಂಡ ಗಡಿಗಳು ಅವು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ದೊಡ್ಡವರಿಗೆ 12 ತಿಂಗಳು. ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಎಂಬ ದುಃಖದ ಐದು ಹಂತ ಮುಗಿಯಲಿ ಅನ್ನುವವರೂ ಇದ್ದಾರೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸ್ವತಃ ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಅದನ್ನು ಹಿಂದೆ ಉಳಿದವರಿಗೆ ಪರೀಕ್ಷೆಯ ಹಾಗೆ ಒಡ್ಡುವುದು ಸರಿಯಲ್ಲ. ದುಃಖದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು ನಮ್ಮ ಅನುಭವಕ್ಕೆ ಹೆಚ್ಚು ಹತ್ತಿರ. ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ ಹೋಗಿ ಬರುತ್ತಿರುತ್ತದೆ. ಬೆಳಿಗ್ಗೆ ಅತ್ತು ಸಂಜೆ ಹೊಸಬರ ಮಾತಿಗೆ ನಕ್ಕರೆ, ಎರಡೂ ನಿಜವೇ.

ಕ್ಯಾಲೆಂಡರ್ ಬದಲು ಬೇರೆ ಎರಡು ವಿಷಯ ನೋಡಿಕೊಳ್ಳಿ. ಹೋದವರ ಹೆಸರನ್ನು ಈ ಹೊಸಬರ ಮುಂದೆ ಧೈರ್ಯವಾಗಿ ಹೇಳಬಲ್ಲಿರಾ? ಈ ಹೊಸಬರನ್ನು ಅವರಾಗಿಯೇ ನೋಡುತ್ತಿದ್ದೀರಾ, ಅಥವಾ ಒಂಟಿ ರಾತ್ರಿಗಳನ್ನು ತಪ್ಪಿಸಿಕೊಳ್ಳಲು ಯಾರಾದರೂ ಸಾಕಾಗಿತ್ತಾ? ನಿದ್ದೆ, ಊಟ ಎಲ್ಲ ತಪ್ಪಿರುವ ಮೊದಲ ತಿಂಗಳುಗಳಲ್ಲಿ ಮದುವೆ, ಮನೆ, ಹಣದ ತೀರ್ಮಾನ ಬೇಡ. ಆನ್‌ಲೈನ್‌ನಲ್ಲಿ ಪರಿಚಯವಾದವರು ಭೇಟಿಗೆ ಮೊದಲೇ ಹಣದ ಮಾತು ತೆಗೆದರೆ ಅಲ್ಲಿಗೇ ನಿಲ್ಲಿಸಿ. ದುಃಖದಲ್ಲಿರುವವರನ್ನೇ ಹುಡುಕಿ ವಂಚಿಸುವವರಿದ್ದಾರೆ.

ಅಪಘಾತದಂಥ ಸಾವಿನಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಬಹಳ ಜನರಿಗೆ ಇವುಗಳ ಅಂದಾಜು ಇರುವುದಿಲ್ಲ. ಕಾಯಿಲೆಯಲ್ಲಿ ಕೆಲವೊಮ್ಮೆ ವಿದಾಯಕ್ಕೆ ಸಮಯ ಸಿಗುತ್ತದೆ. ಇಲ್ಲಿ ಬೆಳಿಗ್ಗೆ ಹೊರಟವರು ವಾಪಸ್ ಬರುವುದಿಲ್ಲ, ಅಷ್ಟೇ. ಕೊನೆಯ ಮಾತು ಸಣ್ಣ ಜಗಳವಾಗಿತ್ತೇನೋ. 'ಆವತ್ತು ಹೋಗಬೇಡ ಅಂದಿದ್ದರೆ' ಅನ್ನುವುದು ಮನಸ್ಸಿನಲ್ಲಿ ಸುತ್ತುತ್ತಲೇ ಇರುತ್ತದೆ. ಈ ಹಳೆಯ ತಪ್ಪಿನ ಭಾವನೆ ಹೊಸ ಪ್ರೀತಿಗೆ ಅಂಟಿಕೊಳ್ಳುತ್ತದೆ. ಅವರನ್ನು ಉಳಿಸಿಕೊಳ್ಳಲಾಗಲಿಲ್ಲ, ಈಗ ನಾನು ಸಂತೋಷವಾಗಿರುವುದು ಸರಿಯಾ ಅನಿಸುತ್ತದೆ. ನಿಮ್ಮ ರಾತ್ರಿಯ ಒದ್ದಾಟದಲ್ಲಿ ಇದೂ ಇರಬಹುದು.

ಆಮೇಲೆ ಭಯ. ಹೊಸಬರು ಫೋನ್ ಎತ್ತುವುದು ಸ್ವಲ್ಪ ತಡವಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಒಮ್ಮೆ ಕೆಟ್ಟ ಸುದ್ದಿ ಕೇಳಿದ ದೇಹ ಮತ್ತೆ ಅದಕ್ಕೇ ಸಿದ್ಧವಾಗಿ ಕೂತಿರುತ್ತದೆ. ಕಾರಣ ಗೊತ್ತಿಲ್ಲದ ಹೊಸಬರಿಗೆ ಇದು ಅನುಮಾನದ ಹಾಗೆ ಕಾಣುತ್ತದೆ. ಹಾಗಾಗಿ ಬಾಯಿಬಿಟ್ಟು ಹೇಳಿ. 'ತಲುಪಿದ ಕೂಡಲೇ ಒಂದು ಮೆಸೇಜ್ ಹಾಕು' ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಆದರೆ ಅವರು ವಾಹನ ಓಡಿಸುವುದನ್ನೇ ತಡೆಯಬೇಕು ಅನಿಸಿದರೆ, ಆ ದಿನದ ದೃಶ್ಯಗಳು ಕರೆಯದೆ ಬಂದು ನಿಮ್ಮನ್ನು ಅಲುಗಾಡಿಸುತ್ತಿದ್ದರೆ, ಆಘಾತಕ್ಕೆ ಚಿಕಿತ್ಸೆ ಕೊಡಲು ತರಬೇತಿ ಪಡೆದವರನ್ನು ನೋಡಿ. ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಹೊರಳಿಸುತ್ತಾ ಆಘಾತದ ನೆನಪಿನ ಬಿಸಿ ಇಳಿಸುವ ಚಿಕಿತ್ಸೆ) ಮತ್ತು ಆಘಾತಕ್ಕೆಂದೇ ಇರುವ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಯನ್ನು ಮಾತಿನ ಮೂಲಕ ಬದಲಿಸುವುದು, ಸಿಬಿಟಿ) ಎರಡೂ ಇದಕ್ಕೆ ಬಳಕೆಯಲ್ಲಿವೆ. ಚಿಕಿತ್ಸೆ ಮುಗಿಯುವ ತನಕ ಪ್ರೀತಿಯನ್ನು ಬದಿಗಿಡಬೇಕಾಗಿಲ್ಲ.

ಮಕ್ಕಳಿದ್ದರೆ ಅವಸರ ಬೇಡ. ಮುಂದೆ ಅಮೆರಿಕದ ಅಧ್ಯಕ್ಷರಾದ ಜೋ ಬೈಡನ್ ಅವರ ಪತ್ನಿ ಮತ್ತು ಪುಟ್ಟ ಮಗಳು 1972ರ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು ಗಾಯಗೊಂಡು ಉಳಿದರು. ಆಮೇಲೆ ಪರಿಚಯವಾದ ಜಿಲ್, ಬೈಡನ್ ಐದನೇ ಸಲ ಕೇಳಿದಾಗ ಮದುವೆಗೆ ಒಪ್ಪಿದರು. 1977ರಲ್ಲಿ ಮದುವೆಯಾಯಿತು. ಆ ಹುಡುಗರು ಇನ್ನೊಬ್ಬ ತಾಯಿಯನ್ನು ಕಳೆದುಕೊಳ್ಳಬಾರದು, ಅದಕ್ಕೇ ಪೂರ್ತಿ ಖಚಿತವಾಗಲಿ ಎಂದು ಕಾದೆ ಅಂತ ಜಿಲ್ ಹೇಳಿಕೊಂಡಿದ್ದಾರೆ. ಎಂಥ ಜವಾಬ್ದಾರಿಯ ಮಾತು! ಸಂಬಂಧ ಗಟ್ಟಿಯಾಗುವ ಮೊದಲೇ ಮಕ್ಕಳನ್ನು ಅದರೊಳಗೆ ಎಳೆಯಬೇಡಿ. ತೀರಿಕೊಂಡ ಅಪ್ಪನ ಅಥವಾ ಅಮ್ಮನ ಬಗ್ಗೆ ಮಾತಾಡುವುದು ಮನೆಯಲ್ಲಿ ನಿಲ್ಲದಿರಲಿ.

ಹೊಸಬರ ಕಷ್ಟವನ್ನೂ ನೆನಪಿಡಿ. ಹೋದವರು ಇನ್ನು ತಪ್ಪು ಮಾಡುವುದಿಲ್ಲ, ಸಿಟ್ಟಾಗುವುದಿಲ್ಲ. ಬದುಕಿರುವವರು ಅವರ ಜೊತೆ ಪೈಪೋಟಿ ಮಾಡಿ ಗೆಲ್ಲಲಾರರು. ಹೋದವರ ಒಳ್ಳೆಯತನದ ಜೊತೆ ಅವರ ಮೊಂಡುತನವನ್ನೂ ಹೇಳಿ. ಸಾವಿನ ದಿನ, ಹುಟ್ಟುಹಬ್ಬ ಬರುವ ಮೊದಲೇ ಆವತ್ತು ನಿಮಗೆ ಏನು ಬೇಕು ಎಂದು ತಿಳಿಸಿ.

ಇನ್ನು ಹೋದವರ ತಂದೆತಾಯಿ. 'ಇಷ್ಟು ಬೇಗ ಮರೆತುಬಿಟ್ಟರಾ' ಅನ್ನುವ ಮಾತು ಜಾಸ್ತಿ ಬರುವುದು ಆ ಕಡೆಯಿಂದಲೇ, ಅಲ್ವಾ? ಅದನ್ನು ಕೇಳಿ ಸಿಟ್ಟು ಬರುತ್ತದೆ ನಿಜ. ಆದರೆ ನಿಮಗೆ ಇನ್ನೊಬ್ಬ ಸಂಗಾತಿ ಸಿಗಬಹುದು, ಅವರಿಗೆ ಇನ್ನೊಬ್ಬ ಮಗನೋ ಮಗಳೋ ಸಿಗುವುದಿಲ್ಲ. ನೀವೂ ದೂರವಾದರೆ ಮಗುವಿನ ಕೊನೆಯ ಕೊಂಡಿಯೂ ಹೋಯಿತು ಎಂಬ ದಿಗಿಲು ಅವರದು. ಅವರ ಅನುಮತಿ ನಿಮಗೆ ಬೇಕಿಲ್ಲ. ಆದರೂ ಬೇರೆಯವರ ಬಾಯಿಂದ ಕೇಳುವ ಮೊದಲು ನೀವೇ ಹೋಗಿ ಹೇಳಿ. ತಿಂಗಳುಗಟ್ಟಲೆ ಅವರು ಮಾತು ಬಿಟ್ಟರೂ ಫೋನ್ ಮಾಡುವುದನ್ನು ನೀವು ನಿಲ್ಲಿಸಬೇಡಿ.